ಸಿಗ್ನಲ್ ಜಂಪ್ ಆಯ್ತು, ಮುಂದೇನು? ಹುಬ್ಬಳ್ಳಿ-ಧಾರವಾಡದ ಬೈಕ್ ಸವಾರರಿಗೆ ಒಂದು ಮಾರ್ಗದರ್ಶಿ

ಮೊಬೈಲ್‌ಗೆ ಬಂದ ಸಿಗ್ನಲ್ ಜಂಪ್ ಚಲನ್ನಿನ ಫೋಟೋದಲ್ಲಿ ನನ್ನ ಮುಖ ಇರಲಿಲ್ಲ. ಬೈಕಿನ ಹಿಂಭಾಗ, ನಂಬರ್ ಪ್ಲೇಟು, ಮೇಲೆ ಉರಿಯುತ್ತಿದ್ದ ಕೆಂಪು ದೀಪ. ಬಿಳಿ ಗೆರೆ ಗಾಡಿಯ ಹಿಂದೆ ಎರಡು ಮಾರು ದೂರದಲ್ಲಿತ್ತು. ಆವತ್ತು ಗಾಡಿ ತಮ್ಮ ಒಯ್ದಿದ್ದ ಅಂತ ಹೇಳಿದರೆ ಹೇಗೆ ಎಂದು ಯೋಚಿಸುತ್ತಾ ಕೂತಿದ್ದೆ. ಹೆಂಡತಿ ಫೋನ್ ಇಸಿದುಕೊಂಡು ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿದಳು. “ಈ ಚೀಲ ನಮ್ದ ಐತಲ್ರೀ” ಅಂದಳು. ಗಾಡಿಯ ಪಕ್ಕದ ಕೊಕ್ಕೆಗೆ ನೇತಾಡುತ್ತಿದ್ದ ಹಸಿರು ಕೈಚೀಲ, ಅದರ ಬಾಯಿಂದ ಇಣುಕುತ್ತಿದ್ದ ಮೆಂತ್ಯದ ಸಿವುಡು. ಜನತಾ ಬಜಾರಿನಲ್ಲಿ ಕಾಯಿಪಲ್ಯ ತಗೊಂಡು ವಿದ್ಯಾನಗರದ ಕಡೆ ಬರುವಾಗಿನ ಫೋಟೋ ಅದು. ನನ್ನ ತಮ್ಮ ಜನ್ಮದಲ್ಲಿ ಕಾಯಿಪಲ್ಯ ತಂದವನಲ್ಲ.

500 ರೂಪಾಯಿ ಕಟ್ಟಿದೆ. ಮುಗೀತು ಅಂದುಕೊಂಡೆ. ಆಮೇಲೆ ಸುಮ್ನೆ ಕುತೂಹಲಕ್ಕೆ ಮೋಟಾರು ವಾಹನ ಕಾಯ್ದೆ ತೆಗೆದು ಓದಿದೆ. ಆಗ ಗೊತ್ತಾಗಿದ್ದು, ಆ 500 ರೂಪಾಯಿ ಈ ವ್ಯವಹಾರದ ಅತಿ ಸಣ್ಣ ಭಾಗ ಅಂತ. ಒಂದೇ ಕೆಂಪು ದೀಪ ಒಬ್ಬನಿಗೆ ಒಂದು ರಶೀದಿಯಲ್ಲಿ ಮುಗಿಯುತ್ತದೆ, ಇನ್ನೊಬ್ಬನನ್ನು ಕೋರ್ಟಿಗೆ ಕರೆದೊಯ್ಯುತ್ತದೆ, ಮತ್ತೊಬ್ಬನ ಮನೆಯ ಹೊಲದ ಉತಾರಕ್ಕೇ ಕೈ ಹಾಕುತ್ತದೆ. ಯಾವ ಸೆಕ್ಷನ್ ಬಿತ್ತು, ಗಾಡಿಯ ಕಾಗದ ಹೇಗಿವೆ, ದಾಟುವಾಗ ಎದುರಿಗೆ ಯಾರಿದ್ದರು, ಎಲ್ಲ ಇದರ ಮೇಲೆ ನಿಂತಿದೆ. ಹುಬ್ಬಳ್ಳಿ-ಧಾರವಾಡದ ಉದಾಹರಣೆ ಕೊಡುತ್ತೇನೆ, ನಾನಿರುವುದು ಇಲ್ಲೇ. ಗದಗ, ಹಾವೇರಿಯವರಿಗೂ ಕಾಯ್ದೆ ಇದೇ.

ಮೊದಲು: ನೀವು ದಾಟಿದ್ದು ಜಂಪ್ ಹೌದೋ ಅಲ್ಲವೋ

ಕೆಂಪು ಬಿದ್ದಾಗ ಗಾಡಿ ನಿಲ್ಲಬೇಕಾದದ್ದು ಸಿಗ್ನಲ್ ಕಂಬದ ಬುಡದಲ್ಲಲ್ಲ. ಜೀಬ್ರಾ ಪಟ್ಟಿಗಿಂತ ಮುಂಚೆ ಅಡ್ಡಕ್ಕೆ ಎಳೆದ ಬಿಳಿ ಗೆರೆ ಇರುತ್ತದಲ್ಲ, ಅದರ ಹಿಂದೆ. ಮುಂದಿನ ಗಾಲಿ ಗೆರೆ ದಾಟಿದ ಮೇಲೆ “ನಾನು ಹೋಗಲಿಲ್ಲ, ನಿಂತಿದ್ದೆ” ಎಂದರೆ ಅದು ಇನ್ನೊಂದು ತಪ್ಪು, ಅಷ್ಟೆ.

ಹಳದಿ ಅಂದರೆ ‘ಜೋರಾಗಿ ಹೋಗು’ ಎಂದು ನಮ್ಮಲ್ಲಿ ಅರ್ಥವಾಗಿದೆ. ನಿಯಮ ಹೇಳುವುದು ‘ನಿಲ್ಲು’ ಅಂತಲೇ. ಗೆರೆಗೆ ತೀರಾ ಹತ್ತಿರ ಬಂದುಬಿಟ್ಟಿದ್ದು, ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನವನು ಬಂದು ಗುದ್ದುವಂತಿದ್ದರೆ ಮಾತ್ರ ದಾಟಬಹುದು. ಹಳದಿ ಮಿನುಗುತ್ತಿದ್ದರೆ ನಿಧಾನ ಮಾಡಿ, ನೋಡಿಕೊಂಡು ಹೋಗಿ. ಕೆಂಪು ಮಿನುಗುತ್ತಿದ್ದರೆ ಪೂರ್ತಿ ನಿಂತು, ದಾರಿ ಖಾಲಿ ಇದ್ದರೆ ಹೋಗಿ. ಇನ್ನು ಕೌಂಟರ್‌ನಲ್ಲಿ 4, 3 ಬರುವಾಗಲೇ ಗೇರ್ ಹಾಕಿ ಹೊರಡುತ್ತೇವೆ, ಹಿಂದಿನವರು ಹಾರ್ನ್ ಬಾರಿಸಿ ಓಡಿಸುತ್ತಾರೆ. ಹಸಿರು ಬರುವ ಮುಂಚಿನ ಆ ಮೂರು ಸೆಕೆಂಡೂ ಕೆಂಪೇ. ಕ್ಯಾಮೆರಾಕ್ಕೆ ಹಾರ್ನ್ ಕೇಳಿಸುವುದಿಲ್ಲ.

ಸರ್ಕಲ್‌ನಲ್ಲಿ ಪೊಲೀಸರು ನಿಂತು ಕೈ ತೋರಿಸುತ್ತಿದ್ದರೆ ದೀಪಕ್ಕಿಂತ ಅವರ ಕೈ ದೊಡ್ಡದು. ಅವರು ‘ಬಾ’ ಎಂದು ಕರೆದಾಗ ಕೆಂಪು ದಾಟಿದರೆ ಅದು ಜಂಪ್ ಅಲ್ಲ. ಆದರೆ ಫೋಟೋ ಬಿದ್ದರೆ ಅದನ್ನು ನೀವೇ ಹೇಳಬೇಕಾಗುತ್ತದೆ, ಆದ್ದರಿಂದ ದಿನ, ಹೊತ್ತು ನೆನಪಿಟ್ಟುಕೊಳ್ಳಿ. ಎಡಕ್ಕೆ ತಿರುಗುವವರು ‘ಫ್ರೀ ಲೆಫ್ಟ್’ ಬೋರ್ಡ್ ಇದೆಯಾ ನೋಡಿ. ಇಲ್ಲದಿದ್ದರೆ ಕಾಯುವುದೇ ಸುರಕ್ಷಿತ.

ರಾತ್ರಿ ಹನ್ನೊಂದು, ರಸ್ತೆಯಲ್ಲಿ ಹಂದಿ ಬಿಟ್ಟರೆ ಯಾರೂ ಇಲ್ಲ. ಆಗಲೂ ದೀಪ ಕೆಂಪಿದ್ದರೆ ಕೆಂಪೇ.

ಬಿಆರ್‌ಟಿಎಸ್ ರಸ್ತೆಯ, ಅಂದರೆ ನಡುವೆ ಬಸ್ಸಿಗೇ ಬೇರೆ ಪಥ ಇರುವ ಹುಬ್ಬಳ್ಳಿ-ಧಾರವಾಡ ರಸ್ತೆಯ ಬಗ್ಗೆ ಒಂದು ಮಾತು. ನಮ್ಮ ಚಿಗರಿ ಬಸ್ಸಿನ ನಿಲ್ದಾಣಗಳು ರಸ್ತೆಯ ನಡುವೆ ಇವೆ. ಬಸ್ ಹತ್ತುವವರು, ಇಳಿದವರು, ಕಾಲೇಜು ಹುಡುಗರು, ಆಸ್ಪತ್ರೆಗೆ ಬಂದ ಮುದುಕರು, ಎಲ್ಲರೂ ಅರ್ಧ ರಸ್ತೆ ದಾಟಲೇಬೇಕು. ನಮಗೆ ಕೆಂಪು ಬಿದ್ದ ಹೊತ್ತೇ ಅವರು ಕಾಲು ಇಡುವ ಹೊತ್ತು. ಬೇರೆ ರಸ್ತೆಯಲ್ಲಿ ಸಿಗ್ನಲ್ ಮುರಿದರೆ ಎದುರಾಗುವುದು ಇನ್ನೊಂದು ಗಾಡಿ. ಇಲ್ಲಿ ಎದುರಾಗುವುದು ಮನುಷ್ಯ.

ತಡೆದರೆ

ನಿಲ್ಲಿಸಿ. ಯೂನಿಫಾರ್ಮ್‌ನಲ್ಲಿರುವ ಪೊಲೀಸರು ಕೈ ಮಾಡಿದ ಮೇಲೆ ಓಡಿಸಿಕೊಂಡು ಹೋದರೆ 500 ರೂಪಾಯಿಯ ತಪ್ಪಿನ ಜೊತೆ ಇನ್ನೊಂದು ತಪ್ಪು ಸೇರುತ್ತದೆ. ಅಧಿಕಾರಿಯ ಆದೇಶ ಮೀರಿದರೆ ಸೆಕ್ಷನ್ 179ರಲ್ಲಿ 2000 ರೂಪಾಯಿ ದಂಡ ಇದೆ. ತಪ್ಪಿಸಿಕೊಳ್ಳುವ ಗಡಿಬಿಡಿಯಲ್ಲಿ ಯಾರಿಗಾದರೂ ಗುದ್ದಿದರೆ ಅದರ ಕಥೆಯೇ ಬೇರೆ.

ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪ್ರಮಾಣಪತ್ರ ಕೇಳುತ್ತಾರೆ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ತೋರಿಸಿದರೆ ಅದು ಮೂಲ ಕಾಗದಕ್ಕೆ ಸಮ. ಗ್ಯಾಲರಿಯಲ್ಲಿರುವ ಫೋಟೋ ಸಮ ಅಲ್ಲ. ತುಂಬಾ ಜನ ಇಲ್ಲೇ ಎಡವುತ್ತಾರೆ. ಆ್ಯಪ್ ಹಾಕಿಕೊಳ್ಳಲು ಹತ್ತು ನಿಮಿಷ ಸಾಕು, ಸರ್ಕಲ್‌ನಲ್ಲಿ ನಿಂತು ಹಾಕಿಕೊಳ್ಳುವ ಬದಲು ಇವತ್ತೇ ಮನೆಯಲ್ಲಿ ಹಾಕಿಕೊಳ್ಳಿ.

“ಸಾಹೇಬ್ರ, ದವಾಖಾನಿಗೆ ಹೊಂಟೇನ್ರೀ” ಎಂಬ ಮಾತನ್ನು ಅವರು ದಿನಕ್ಕೆ ನಲವತ್ತು ಸಲ ಕೇಳಿರುತ್ತಾರೆ. ನಿಜವಾಗಿ ಹೊರಟಿದ್ದರೆ ಚೀಟಿ ತೋರಿಸಿ, ಇಲ್ಲದಿದ್ದರೆ ಬೇಡ. ಶಾಸಕರ ಹೆಸರು ಹೇಳುವುದೂ ಬೇಡ. ದಂಡ ಕಟ್ಟಿದರೆ ರಶೀದಿ ಕೈಗೆ ಬರಬೇಕು, ಯಂತ್ರದಿಂದ ಬಂದ ಚೀಟಿಯಾಗಲಿ, ಮೊಬೈಲ್‌ಗೆ ಬಂದ ಸಂದೇಶವಾಗಲಿ. ಯಾರದೋ ಸ್ವಂತ ಫೋನ್ ನಂಬರಿಗೆ ದುಡ್ಡು ಹಾಕಬೇಡಿ. ಆಗಲೇ ಕಟ್ಟಲು ದುಡ್ಡಿಲ್ಲ ಅಥವಾ ತಪ್ಪು ಒಪ್ಪಿಲ್ಲ ಎಂದರೆ ಚಲನ್ ತಗೊಂಡು ಬರಬಹುದು. ಲೈಸೆನ್ಸ್ ವಶಕ್ಕೆ ತಗೊಂಡರೆ ಅದಕ್ಕೊಂದು ಸ್ವೀಕೃತಿ ಚೀಟಿ ಕೊಡಬೇಕು, ಅದು ನಿಮ್ಮ ತಾತ್ಕಾಲಿಕ ಲೈಸೆನ್ಸ್ ಇದ್ದಂತೆ. ಕೇಳಿ ಪಡೆಯಿರಿ.

ಚಲನ್‌ನಲ್ಲಿ ಮೊತ್ತಕ್ಕಿಂತ ಮೊದಲು ಸೆಕ್ಷನ್ ಓದಿ

ಇದು ಈ ಲೇಖನದ ತಿರುಳು. ನಾವೆಲ್ಲ ಚಲನ್‌ನಲ್ಲಿ ನೋಡುವುದು ಎಷ್ಟು ರೂಪಾಯಿ ಎಂಬ ಒಂದೇ ಸಾಲು. ಪಕ್ಕದಲ್ಲಿರುವ ಸೆಕ್ಷನ್ ನಂಬರ್ ಅದಕ್ಕಿಂತ ಮುಖ್ಯ.

ಸಿಗ್ನಲ್ ಮುರಿದದ್ದಕ್ಕೆ ಎರಡು ದಾರಿಗಳಿವೆ. ಮೊದಲನೆಯದು 119 ಮತ್ತು 177. ಸಂಚಾರ ಸಂಕೇತ ಪಾಲಿಸಬೇಕು ಎನ್ನುವುದು 119, ಪಾಲಿಸದಿದ್ದರೆ ಸಾಮಾನ್ಯ ದಂಡ ಎನ್ನುವುದು 177. ಕರ್ನಾಟಕದಲ್ಲಿ ಸಾಮಾನ್ಯವಾಗಿ ನಮಗೆ ಬೀಳುವುದು ಇದೇ, 500 ರೂಪಾಯಿ. ಎರಡನೇ ಸಲಕ್ಕೆ ಕಾಯ್ದೆ 1500ರವರೆಗೆ ಹೋಗುತ್ತದೆ. ಇದನ್ನು ಪೊಲೀಸರ ಹತ್ತಿರವೇ ಕಟ್ಟಿ ಮುಗಿಸಬಹುದು, ಕೋರ್ಟಿನ ಮೆಟ್ಟಿಲು ಹತ್ತಬೇಕಿಲ್ಲ.

ಎರಡನೆಯದು 184, ಅಪಾಯಕಾರಿ ಚಾಲನೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಈ ಸೆಕ್ಷನ್ನಿಗೆ ಒಂದು ವಿವರಣೆ ಸೇರಿಸಿತು. ಕೆಂಪು ದೀಪ ದಾಟುವುದು, ಸ್ಟಾಪ್ ಬೋರ್ಡಿಗೆ ನಿಲ್ಲದಿರುವುದು, ಫೋನ್ ಕೈಯಲ್ಲಿ ಹಿಡಿದು ಓಡಿಸುವುದು, ರಾಂಗ್ ಸೈಡ್‌ನಲ್ಲಿ ಬರುವುದು, ಇವೆಲ್ಲ ಜನರಿಗೆ ಅಪಾಯ ಆಗುವಂತೆ ಮಾಡಿದರೆ ಅಪಾಯಕಾರಿ ಚಾಲನೆ. ಶಿಕ್ಷೆ: ಮೊದಲ ಸಲ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಅಥವಾ 1000ದಿಂದ 5000 ರೂಪಾಯಿ ದಂಡ, ಅಥವಾ ಎರಡೂ. 3 ವರ್ಷದೊಳಗೆ ಮತ್ತೆ ಮಾಡಿದರೆ 2 ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ.

184ರಲ್ಲಿ ಪೊಲೀಸರ ಹತ್ತಿರವೇ ದಂಡ ಕಟ್ಟಿ ಮುಗಿಸುವ ಅವಕಾಶ ಫೋನ್ ಬಳಕೆಗೆ ಮಾತ್ರ ಇದೆ. ಕೆಂಪು ದೀಪಕ್ಕೆ 184 ಹಾಕಿದರೆ ಅದು ಕೋರ್ಟಿಗೇ ಹೋಗಬೇಕು. ಅಂದರೆ ಚಲನ್‌ನ ಮೇಲೆ 177 ಇದ್ದರೆ ಒಂದು ಸಂಜೆಯ ಕೆಲಸ, 184 ಇದ್ದರೆ ವಕೀಲರನ್ನು ನೋಡುವ ಕೆಲಸ.

ವ್ಯತ್ಯಾಸ ಯಾರಿಗೆ ಜಾಸ್ತಿ ತಟ್ಟುತ್ತದೆ ಗೊತ್ತಾ? ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪಿಎಸ್‌ಐ, ಕೆಎಎಸ್ ಅಂತ ಓದುವ ಹುಡುಗರಿಗೆ. 177ರ ದಂಡ ಕಟ್ಟಿ ರಾಜಿಯಾದರೆ ಪ್ರಕರಣ ಮುಂದೆ ಹೋಗುವುದಿಲ್ಲ, ಅದು ಶಿಕ್ಷೆ ಅಂತ ಆಗುವುದಿಲ್ಲ. ಕೋರ್ಟಿನಲ್ಲಿ 184ಕ್ಕೆ ‘ತಪ್ಪಾಯ್ತು’ ಅಂತ ಒಪ್ಪಿ 1000 ರೂಪಾಯಿ ಕಟ್ಟಿ ಬಂದರೆ ಅದು ಶಿಕ್ಷೆಯಾದ ಪ್ರಕರಣ. ನೌಕರಿಯ ಫಾರ್ಮಿನಲ್ಲಿ ‘ಯಾವುದಾದರೂ ಪ್ರಕರಣದಲ್ಲಿ ಶಿಕ್ಷೆಯಾಗಿದೆಯೇ’ ಎಂಬ ಕಾಲಂ ಬಂದಾಗ ಪೆನ್ನು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಬೇಗ ಮುಗಿಸಿಬಿಡೋಣ ಅಂತ ಸಿಕ್ಕಲ್ಲಿ ಸಹಿ ಮಾಡಬೇಡಿ. ಮೊದಲು ವಕೀಲರೊಬ್ಬರಿಗೆ ಕಾಗದ ತೋರಿಸಿ.

177 ಕಟ್ಟಿದವರೂ ಆರಾಮಾಗಿ ಇರುವಂತಿಲ್ಲ. 2019ರ ತಿದ್ದುಪಡಿ ಸೆಕ್ಷನ್ 200ರಲ್ಲಿ ಒಂದು ಸಾಲು ಸೇರಿಸಿದೆ: ದಂಡ ಕಟ್ಟಿ ರಾಜಿಯಾದ ತಪ್ಪನ್ನೂ ಹಿಂದೆ ಮಾಡಿದ ತಪ್ಪು ಎಂದೇ ಲೆಕ್ಕಕ್ಕೆ ತಗೊಳ್ಳಬೇಕು. ಮುಂದಿನ ಸಲ ಸಿಕ್ಕಿಬಿದ್ದಾಗ ನೀವು ‘ಮೊದಲ ಸಲದವರು’ ಅಲ್ಲ. ನನ್ನ ಮೆಂತ್ಯದ ಸಿವುಡಿನ ಫೋಟೋ ಆ ಲೆಕ್ಕದಲ್ಲಿ ಈಗಲೂ ಇದೆ.

ಪೊಲೀಸರೇ ಸಿಗ್ನಲ್ ಮುರಿದರೆ? ಅದಕ್ಕೂ ಉತ್ತರ ಇದೆ. ಈ ಕಾಯ್ದೆ ಜಾರಿ ಮಾಡುವ ಅಧಿಕಾರ ಇರುವವರು ಅದೇ ತಪ್ಪು ಮಾಡಿದರೆ ದಂಡ ಎರಡು ಪಟ್ಟು, ಸೆಕ್ಷನ್ 210ಬಿ.

ಮೊಬೈಲ್‌ಗೆ ಚಲನ್ ಬಂದರೆ

ಮೊದಲ ಕೆಲಸ, ಅದು ನಿಜವಾದದ್ದೋ ಮೋಸದ್ದೋ ನೋಡುವುದು. ‘ನಿಮ್ಮ ವಾಹನದ ಮೇಲೆ ಚಲನ್ ಇದೆ’ ಅಂತ ವಾಟ್ಸಾಪ್‌ಗೆ ಬರುವ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಒತ್ತಿ ಬ್ಯಾಂಕ್ ಖಾತೆ ಖಾಲಿ ಮಾಡಿಕೊಂಡವರು ದೇಶದ ತುಂಬಾ ಇದ್ದಾರೆ. ಸರ್ಕಾರ ಯಾವ ಚಲನ್ನನ್ನೂ ಎಪಿಕೆ ಮಾಡಿ ಕಳಿಸುವುದಿಲ್ಲ. ಸಂದೇಶದ ಲಿಂಕ್ ಮುಟ್ಟಬೇಡಿ. ನೀವೇ ಪರಿವಾಹನ್ ಇ-ಚಲನ್ ಜಾಲತಾಣ ತೆರೆದು ಗಾಡಿ ನಂಬರ್ ಹಾಕಿ ನೋಡಿ, ಇಲ್ಲವೇ ಕರ್ನಾಟಕ ಪೊಲೀಸರ ಕೆಎಸ್‌ಪಿ ಆ್ಯಪಿನಲ್ಲಿ ನೋಡಿ. ಫೋನ್ ಹಿಡಿಯುವುದು ಆಗದಿದ್ದರೆ ಕರ್ನಾಟಕ ಒನ್ ಕೇಂದ್ರಕ್ಕೆ ಹೋಗಿ ಕೇಳಿ. ಒತ್ತಿಬಿಟ್ಟಿದ್ದು ದುಡ್ಡು ಹೋಗಿದ್ದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ.

ನಿಜವಾದದ್ದೇ ಎಂದಾದರೆ ಫೋಟೋ ನಿಧಾನವಾಗಿ ನೋಡಿ. ನಂಬರ್ ನಿಮ್ಮದೇ ತಾನೆ? 8 ಇದ್ದದ್ದು 3 ಆಗಿರುವುದು, ಕೆಎ 25 ಮತ್ತು ಕೆಎ 26 ಅದಲು ಬದಲಾಗುವುದು ಅಪರೂಪವೇನಲ್ಲ. ಗಾಡಿ ಮಾದರಿ, ಬಣ್ಣ ಹೊಂದುತ್ತದಾ? ದೀಪ ಕೆಂಪಾಗಿ ಕಾಣುತ್ತಿದೆಯಾ? ಬಿಳಿ ಗೆರೆ ಕಾಣುತ್ತಿದೆಯಾ? ಜಾಗ, ದಿನ, ಹೊತ್ತು ಬರೆದಿದೆಯಾ? ಎಲೆಕ್ಟ್ರಾನಿಕ್ ಸಾಧನದಿಂದ ಹಿಡಿದ ತಪ್ಪಿಗೆ ಇವೆಲ್ಲ ಇರಬೇಕು, ಯಾವ ಸೆಕ್ಷನ್ ಎಂಬುದೂ ಇರಬೇಕು. ನೋಟಿಸ್ ತಪ್ಪು ನಡೆದ 15 ದಿನದೊಳಗೆ ಕಳಿಸಬೇಕು ಅಂತಲೂ ನಿಯಮ 167ಎ ಹೇಳುತ್ತದೆ. ಇದು 2021ರಲ್ಲಿ ಬಂದ ನಿಯಮ.

ತಪ್ಪು ನಿಮ್ಮದಲ್ಲದಿದ್ದರೆ ಜಾಲತಾಣದಲ್ಲೇ ದೂರು ಕೊಡುವ ಜಾಗ ಇದೆ. ಅಲ್ಲಿ ನಿಮ್ಮ ಗಾಡಿಯ ಹಿಂದಿನ, ಪಕ್ಕದ ಫೋಟೋ ಹಾಕಿ, ಆರ್‌ಸಿ ಪ್ರತಿ ಹಾಕಿ, ಎರಡೇ ಸಾಲು ಬರೆಯಿರಿ. ‘ಫೋಟೋದಲ್ಲಿರುವುದು ಕಪ್ಪು ಸ್ಕೂಟರ್, ನನ್ನದು ಕೆಂಪು ಬೈಕ್. ಆ ಹೊತ್ತಿಗೆ ನಾನು ಆಫೀಸಿನಲ್ಲಿದ್ದೆ, ಹಾಜರಿ ಪ್ರತಿ ಲಗತ್ತಿಸಿದೆ.’ ಇಷ್ಟು ಸಾಕು. ನಮ್ಮ ರಸ್ತೆ ಸರಿ ಇಲ್ಲ, ಫ್ಲೈಓವರ್ ಕೆಲಸ ಮುಗಿಯುತ್ತಿಲ್ಲ ಎಂಬ ಪುರಾಣ ಅಲ್ಲಿ ಬೇಡ. ಕಿತ್ತೂರು ಚನ್ನಮ್ಮ ಸರ್ಕಲ್ ದಾಟುವ ಕಷ್ಟ ನನಗೂ ಗೊತ್ತು, ಆದರೆ ಅದು ದೀಪದ ಬಣ್ಣ ಬದಲಾಯಿಸುವುದಿಲ್ಲ. ಪೊಲೀಸರ ಹಂತದಲ್ಲಿ ಬಗೆಹರಿಯದಿದ್ದರೆ ಕೋರ್ಟಿನಲ್ಲಿ ‘ಒಪ್ಪುವುದಿಲ್ಲ’ ಎನ್ನುವ ಹಕ್ಕು ನಿಮಗಿದೆ. ಹುಬ್ಬಳ್ಳಿಯವರಿಗೆ ಅದು ತಿಮ್ಮಸಾಗರದ ಕೋರ್ಟ್ ಸಂಕೀರ್ಣ.

ಗಾಡಿ ಬೇರೆಯವರು ಒಯ್ದಿದ್ದರೆ? ನೋಟಿಸ್ ಬರುವುದು ಆರ್‌ಸಿಯಲ್ಲಿ ಹೆಸರಿರುವವರಿಗೆ. ಆಗ ಓಡಿಸುತ್ತಿದ್ದವರು ಯಾರು ಎಂದು ಪೊಲೀಸರು ಕೇಳಿದರೆ ಮಾಲೀಕರು ಹೇಳಲೇಬೇಕು, ಸೆಕ್ಷನ್ 133. ‘ನೆನಪಿಲ್ರೀ’ ಎಂದರೆ ಆಗಲ್ಲ. ಸುಳ್ಳು ಹೆಸರು ಕೊಡುವುದಂತೂ ಬೇಡವೇ ಬೇಡ, ಫೋಟೋದಲ್ಲಿ ಯಾವ ಚೀಲ ಇರುತ್ತದೋ ಯಾರಿಗೆ ಗೊತ್ತು.

ಕಟ್ಟದೆ ಬಿಟ್ಟರೆ ಏನಾಗುತ್ತದೆ ಎಂಬುದು ಎಲ್ಲರ ಪ್ರಶ್ನೆ. ಕೆಲವು ತಿಂಗಳು ಏನೂ ಆಗುವುದಿಲ್ಲ, ಅದೇ ತೊಂದರೆ. ಬಾಕಿ ಚಲನ್ ಗಾಡಿಯ ದಾಖಲೆಗೆ ಅಂಟಿಕೊಂಡು ಕೂತಿರುತ್ತದೆ. ಗಾಡಿ ಮಾರಲು ಹೋದಾಗ, ವರ್ಗಾವಣೆಗೆ ಅರ್ಜಿ ಹಾಕಿದಾಗ ಆರ್‌ಟಿಒ ಕಂಪ್ಯೂಟರಿನಲ್ಲಿ ಎದ್ದು ಬರುತ್ತದೆ. ಕೋರ್ಟಿಗೆ ಹೋದ ಮೇಲೆ ಸಮನ್ಸ್ ಬರಬಹುದು. ಸಮನ್ಸ್ ಬಂದ ಮೇಲೂ ಹೋಗದಿದ್ದರೆ ವಾರಂಟ್.

ರಿಯಾಯಿತಿಗೆ ಕಾಯುವವರೂ ಇದ್ದಾರೆ. ನಮ್ಮ ರಾಜ್ಯದಲ್ಲಿ 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ಮಾಫಿ ಕೊಟ್ಟಿದ್ದರು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಕೊಟ್ಟರು. ಕಾಲಕ್ಕೆ ಸರಿಯಾಗಿ ಕಟ್ಟಿದವನು ದಡ್ಡ ಎನ್ನುವಂತೆ ಮಾಡುವ ಈ ಪದ್ಧತಿ ನನಗೆ ಹಿಡಿಸುವುದಿಲ್ಲ. ಆದರೂ ಹಳೆಯದು ನಾಲ್ಕೈದು ಬಾಕಿ ಇದ್ದವರಿಗೆ ಅಂಥ ಅವಕಾಶ, ಇಲ್ಲವೇ ಲೋಕ ಅದಾಲತ್, ಒಳ್ಳೆ ದಾರಿ. ಒಂದೇ ಚಲನ್ ಇದ್ದರೆ 250 ರೂಪಾಯಿ ಉಳಿಸಲು ಎರಡು ವರ್ಷ ತಲೆಯಲ್ಲಿ ಹೊತ್ತು ತಿರುಗುವುದು ಯಾಕೆ?

ಲೈಸೆನ್ಸ್ ಹೋಗುವ ದಾರಿ

ದಂಡಕ್ಕಿಂತ ಇದಕ್ಕೆ ಹೆದರಬೇಕು. ಕೆಂಪು ದೀಪ ದಾಟಿದವರ ಲೈಸೆನ್ಸನ್ನು ಕಡಿಮೆ ಅಂದರೆ 3 ತಿಂಗಳು ಅಮಾನತು ಮಾಡಿ ಎಂದು ರಸ್ತೆ ಸುರಕ್ಷತೆ ಕುರಿತ ಸುಪ್ರೀಂ ಕೋರ್ಟ್ ಸಮಿತಿ 2015ರಲ್ಲೇ ಎಲ್ಲ ರಾಜ್ಯಗಳಿಗೆ ಹೇಳಿತ್ತು. 2019ರ ತಿದ್ದುಪಡಿಯ ನಂತರ ಕಾಯ್ದೆಯಲ್ಲೇ ಹಲ್ಲು ಬಂತು. 184ರಂಥ ಪ್ರಕರಣದಲ್ಲಿ ಪೊಲೀಸರು ಲೈಸೆನ್ಸ್ ವಶಕ್ಕೆ ತಗೊಂಡು ಆರ್‌ಟಿಒಗೆ ಕಳಿಸಬಹುದು. ಆರ್‌ಟಿಒ ಮೊದಲ ಸಲಕ್ಕೆ 3 ತಿಂಗಳು ಅನರ್ಹ ಮಾಡಬಹುದು, ಎರಡನೇ ಸಲಕ್ಕೆ ರದ್ದೇ ಮಾಡಬಹುದು.

ಆದರೆ ಏಕಾಏಕಿ ಮಾಡುವಂತಿಲ್ಲ. ನಿಮ್ಮ ಮಾತು ಕೇಳಬೇಕು. ಆರ್‌ಟಿಒದಿಂದ ನೋಟಿಸ್ ಬಂದರೆ ಬೀರುವಿನಲ್ಲಿ ಇಡಬೇಡಿ, ಹೇಳಿದ ದಿನ ಹೋಗಿ. ಡೆಲಿವರಿ ಕೆಲಸ ಮಾಡುವವರಾದರೆ ಹಾಗಂತ ಬರೆದು ಕೊಡಿ, ಹಿಂದೆ ಯಾವ ತಪ್ಪೂ ಇಲ್ಲದಿದ್ದರೆ ಅದನ್ನೂ ಬರೆಯಿರಿ. ಆದೇಶ ವಿರುದ್ಧ ಬಂದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅಮಾನತಾದ ಲೈಸೆನ್ಸ್ ವಾಪಸ್ ಬರಬೇಕಾದರೆ ಚಾಲಕರ ಮರುತರಬೇತಿ ಮುಗಿಸಬೇಕು ಎಂದೂ ಕಾಯ್ದೆಯಲ್ಲಿದೆ.

ಅಮಾನತಿನ ಆ ಮೂರು ತಿಂಗಳಲ್ಲಿ ‘ಇಲ್ಲೇ ಗೋಕುಲ ರೋಡಿಗೆ ಹೋಗಿ ಬರುತ್ತೇನೆ’ ಅಂತ ಗಾಡಿ ಹತ್ತಿದರೆ ಸೆಕ್ಷನ್ 182. 3 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಅದಕ್ಕಿಂತ ದೊಡ್ಡ ಪೆಟ್ಟು ಮುಂದಿನ ಭಾಗದಲ್ಲಿದೆ.

ದಾಟುವಾಗ ಯಾರಿಗಾದರೂ ತಗಲಿದರೆ

ಇಲ್ಲಿಗೆ ಬಂದರೆ 500 ರೂಪಾಯಿಯ ಮಾತು ಮುಗಿಯಿತು.

ಮೊದಲ ಒಂದು ಗಂಟೆ. ಓಡಿಹೋಗಬೇಡಿ. 108ಕ್ಕೆ ಫೋನ್ ಮಾಡಿ, 112ಕ್ಕೂ ಮಾಡಿ. ಗಾಯಾಳುವನ್ನು ಹತ್ತಿರದ ಆಸ್ಪತ್ರೆಗೆ ಸೇರಿಸುವುದು ಓಡಿಸಿದವರ ಕಾನೂನು ಹೊಣೆ, ಸೆಕ್ಷನ್ 134. ಜನ ಸೇರಿ ಹೊಡೆಯುತ್ತಾರೆಂಬ ಭಯ ಇರುತ್ತದೆ, ಸುಳ್ಳಲ್ಲ. ಕಾಯ್ದೆಗೂ ಅದು ಗೊತ್ತು. ಉದ್ರಿಕ್ತ ಗುಂಪಿನಿಂದಾಗಿ ನಿಲ್ಲಲು ಸಾಧ್ಯವೇ ಇಲ್ಲದಿದ್ದರೆ ವಿನಾಯಿತಿ ಇದೆ. ಆಗ ನೇರ ಹತ್ತಿರದ ಠಾಣೆಗೆ ಹೋಗಿ ಹೇಳಿ, ಮನೆಗೆ ಹೋಗಬೇಡಿ. ಹೇಗೇ ಆಗಲಿ, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಇನ್ಶೂರೆನ್ಸ್ ಕಂಪನಿಗೂ ಲಿಖಿತವಾಗಿ ತಿಳಿಸಿ.

ಆಮೇಲೆ ಪ್ರಕರಣ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ, ಇಲ್ಲಿ ಹೇಳುವ ಸೆಕ್ಷನ್‌ಗಳು ಅದರವು. ಯಾರಿಗೂ ಪೆಟ್ಟಾಗದಿದ್ದರೂ ಬೇಕಾಬಿಟ್ಟಿ ಓಡಿಸಿದ್ದಕ್ಕೆ ಸೆಕ್ಷನ್ 281, 6 ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸಣ್ಣ ಗಾಯವಾದರೆ 125(ಎ), 6 ತಿಂಗಳು ಅಥವಾ 5000 ರೂಪಾಯಿವರೆಗೆ. ಕೈಕಾಲು ಮುರಿದರೆ 125(ಬಿ), 3 ವರ್ಷ ಅಥವಾ 10,000ದವರೆಗೆ. ಜೀವ ಹೋದರೆ 106(1), 5 ವರ್ಷದವರೆಗೆ ಜೈಲು ಮತ್ತು ದಂಡ. ಇವೆಲ್ಲ ಜಾಮೀನು ಸಿಗುವ ಪ್ರಕರಣಗಳು, ಠಾಣೆಯಲ್ಲೇ ಜಾಮೀನು ಕೇಳುವ ಹಕ್ಕು ಇದೆ. ಆದರೆ ಜಾಮೀನು ಸಿಕ್ಕಿತೆಂದರೆ ಕೇಸ್ ಮುಗಿಯಿತು ಅಂತ ಅಲ್ಲ, ವರ್ಷಗಟ್ಟಲೆ ವಾಯಿದೆಗೆ ಅಲೆಯುವುದು ಆಮೇಲೆ ಶುರು.

ನಮ್ಮ ಕಡೆ ಹಿರಿಯರು ಕೂತು ಬಗೆಹರಿಸುವ ರೂಢಿ ಇದೆ. “ಆಸ್ಪತ್ರಿ ಖರ್ಚು ನಾವು ನೋಡ್ಕೋತೇವಿ, ಕೇಸ್ ಬ್ಯಾಡ್ರಿ” ಎಂಬ ಮಾತು ಆಸ್ಪತ್ರೆಯ ಪಡಸಾಲೆಯಲ್ಲೇ ಆಗುತ್ತದೆ. ಖರ್ಚು ಕೊಡುವುದು ಮಾನವೀಯತೆ, ಕೊಡಿ. ಆದರೆ 281 ಮತ್ತು 106 ಇಬ್ಬರು ಕೂಡಿ ವಾಪಸ್ ತಗೊಳ್ಳುವಂಥ ಕೇಸುಗಳಲ್ಲ. ಕೊಟ್ಟ ದುಡ್ಡಿಗೆ ಬ್ಯಾಂಕ್ ದಾಖಲೆ ಇರಲಿ, ಯಾಕೆ ಕೊಟ್ಟದ್ದು ಎಂದು ಬರೆದಿರಲಿ.

ಈಗ ಪರಿಹಾರದ ಮಾತು. ಗಾಯಾಳು ಅಥವಾ ಸತ್ತವರ ಮನೆಯವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತಾರೆ. ಅಲ್ಲಿ ‘ಯಾರ ತಪ್ಪು’ ಎಂಬುದೇ ಮೊದಲ ಪ್ರಶ್ನೆ, ನೀವು ಕೆಂಪು ದಾಟಿದ ಫೋಟೋ ಆ ಪ್ರಶ್ನೆಗೆ ಉತ್ತರ. ದುಡಿಯುವ ವಯಸ್ಸಿನವರು ಸತ್ತರೆ ಪರಿಹಾರದ ಮೊತ್ತ ಲಕ್ಷಗಳಲ್ಲಿರುತ್ತದೆ. ಥರ್ಡ್ ಪಾರ್ಟಿ ವಿಮೆ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಇರುವ ವಿಮೆ, ಚಾಲ್ತಿಯಲ್ಲಿದ್ದರೆ ಕಂಪನಿ ಕೊಡುತ್ತದೆ. ನೀವು ಸಿಗ್ನಲ್ ಮುರಿದಿರಿ ಎಂಬ ಒಂದೇ ಕಾರಣಕ್ಕೆ ಅದು ಕೈ ತೊಳೆದುಕೊಳ್ಳುವಂತಿಲ್ಲ. ವಿಮೆ ಇದ್ದು ಲೈಸೆನ್ಸ್ ಇಲ್ಲದಿದ್ದರೆ, ಅಥವಾ ಅಮಾನತಾಗಿದ್ದರೆ, ಸಾಮಾನ್ಯವಾಗಿ ಕಂಪನಿ ಗಾಯಾಳುವಿಗೆ ಕೊಟ್ಟು ಆ ದುಡ್ಡನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳುತ್ತದೆ. ವಿಮೆಯೇ ಇಲ್ಲದಿದ್ದರೆ ಪೂರ್ತಿ ಹೊಣೆ ಮಾಲೀಕರದ್ದು. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು. ಮೊದಲಲ್ಲಿ ಹೊಲದ ಉತಾರ ಎಂದದ್ದು ಇದಕ್ಕೇ.

ನಿಮಗೇ ಪೆಟ್ಟಾಗಿದ್ದರೆ? ಎದುರಿನವನು ವೇಗವಾಗಿ ಬಂದಿದ್ದರೂ ನೀವು ಕೆಂಪಿನಲ್ಲಿದ್ದಿರಿ ಎಂದು ಸಾಬೀತಾದರೆ ನಿಮ್ಮ ಪಾಲಿನ ತಪ್ಪಿನಷ್ಟು ಪರಿಹಾರ ಕಡಿತವಾಗುತ್ತದೆ. ತಪ್ಪು ಪೂರ್ತಿ ನಿಮ್ಮದೇ ಆಗಿದ್ದರೆ ಎದುರಿನವರ ವಿಮೆಯಿಂದ ಏನೂ ಬರದಿರಬಹುದು. ಅಂಥ ಹೊತ್ತಿಗೆ ಮಾಲೀಕ-ಚಾಲಕರಿಗಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರುತ್ತದೆ. ಅದು ಸಾವಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ, ಆಸ್ಪತ್ರೆ ಖರ್ಚಿಗಲ್ಲ.

ಮಗನ ಕೈಗೆ ಕೀಲಿ, ಮಾರಿದ ಗಾಡಿ

ಎರಡೂ ಚಿಕ್ಕ ವಿಷಯ, ಎರಡೂ ದುಬಾರಿ.

ಟ್ಯೂಶನ್ನಿಗೆ ಹೋಗಲಿ ಅಂತ 16 ವರ್ಷದ ಮಗನಿಗೆ ಸ್ಕೂಟಿ ಕೊಟ್ಟಿರುತ್ತೀರಿ. 16ಕ್ಕೆ ಲೈಸೆನ್ಸ್ ಸಿಗುತ್ತದೆ, ಆದರೆ 50 ಸಿಸಿವರೆಗಿನ ಗಾಡಿಗೆ ಮಾತ್ರ. ನಮ್ಮ ಮನೆಗಳಲ್ಲಿರುವ 110, 125 ಸಿಸಿ ಸ್ಕೂಟರಿಗೆ ಅಲ್ಲ. ಅವನು ಸಿಗ್ನಲ್ ಮುರಿದು ಸಿಕ್ಕಿಬಿದ್ದರೆ ಸೆಕ್ಷನ್ 199ಎ. ತಪ್ಪಿತಸ್ಥರು ತಂದೆ ತಾಯಿ ಅಥವಾ ಗಾಡಿ ಮಾಲೀಕರು: 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ‘ನನಗೆ ಗೊತ್ತಿಲ್ಲದೆ ಒಯ್ದ’ ಎಂಬುದನ್ನು ಸಾಬೀತು ಮಾಡುವ ಭಾರವೂ ನಿಮ್ಮದೇ.

ಮಾರಿದ ಗಾಡಿಯದ್ದೂ ಇಷ್ಟೇ ತಲೆನೋವು. ಖಾಲಿ ಫಾರ್ಮಿಗೆ ಸಹಿ ಮಾಡಿ, ದುಡ್ಡು ಎಣಿಸಿಕೊಂಡು ಬಂದುಬಿಡುತ್ತೇವೆ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಕಾನೂನಿನ ಕಣ್ಣಲ್ಲಿ ಮಾಲೀಕರು ನೀವೇ. ಅಪಘಾತದ ಪರಿಹಾರಕ್ಕೂ ದಾಖಲೆಯಲ್ಲಿರುವ ಮಾಲೀಕರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾರಿದ 14 ದಿನದೊಳಗೆ ಗಾಡಿ ಮಾರಿದ್ದನ್ನು ತಿಳಿಸುವ ಫಾರ್ಮ್ 29 ಅನ್ನು ಆರ್‌ಟಿಒಗೆ ಕೊಡಿ, ಕೊಂಡವರಿಂದ ಹೆಸರು ಬದಲಾವಣೆಯ ಅರ್ಜಿ ಫಾರ್ಮ್ 30 ಹಾಕಿಸಿ, ಹೆಸರು ಬದಲಾಗಿದ್ದನ್ನು ಆ್ಯಪಿನಲ್ಲಿ ನೀವೇ ಕಣ್ಣಾರೆ ನೋಡಿ.

ಇವತ್ತು ರಾತ್ರಿ ಮಾಡುವ ಕೆಲಸ

ಎಂಪರಿವಾಹನ್ ತೆರೆಯಿರಿ. ನಿಮ್ಮ ಗಾಡಿ ನಂಬರ್, ಲೈಸೆನ್ಸ್ ನಂಬರ್ ಹಾಕಿ. ನಾಲ್ಕು ಸಾಲು ನೋಡಿ: ಬಾಕಿ ಚಲನ್ ಎಷ್ಟು, ಲೈಸೆನ್ಸ್ ಯಾವಾಗ ಮುಗಿಯುತ್ತದೆ, ಆರ್‌ಸಿಗೆ ಜೋಡಿಸಿದ ಮೊಬೈಲ್ ನಂಬರ್ ಈಗಿನದ್ದೇನಾ, ಇನ್ಶೂರೆನ್ಸ್ ಕೊನೆಯ ದಿನ ಯಾವುದು. ಮೊಬೈಲ್ ನಂಬರ್ ಹಳೆಯದಾಗಿದ್ದರೆ ಚಲನ್ ಬಂದದ್ದು ನಿಮಗೆ ಗೊತ್ತೇ ಆಗುವುದಿಲ್ಲ.

ಇನ್ಶೂರೆನ್ಸ್ ಸಾಲನ್ನು ಎರಡು ಸಲ ನೋಡಿ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕ್ ಕೊಳ್ಳುವಾಗ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಐದು ವರ್ಷ ಯಾರೂ ನೆನಪಿಸುವುದಿಲ್ಲ, ನಾವೂ ಮರೆಯುತ್ತೇವೆ. ನನ್ನ ಗಾಡಿ 2019ರ ದಸರೆಗೆ ಕೊಂಡದ್ದು. ಚಲನ್ ಕಟ್ಟಿದ ರಾತ್ರಿ ಈ ಲೆಕ್ಕ ಹಾಕುತ್ತಾ ಪಾಲಿಸಿ ತೆಗೆದು ನೋಡಿದೆ. ಫೋಟೋ ತೆಗೆದ ದಿನಕ್ಕೆ ವಿಮೆ ಮುಗಿದು 19 ದಿನ ಆಗಿತ್ತು. ಹೆಂಡತಿಗೆ ಹೇಳಿದೆ. ಅವಳು ಮತ್ತೊಮ್ಮೆ ಆ ಫೋಟೋ ತೆಗೆದು, ಬಿಳಿ ಗೆರೆಯ ಆಚೆ ದಾಟಲು ನಿಂತಿದ್ದ ಮುದುಕಿಯೊಬ್ಬಳನ್ನು ತೋರಿಸಿದಳು. ನಾನು ಅಲ್ಲಿಯವರೆಗೆ ಅವಳನ್ನು ನೋಡಿಯೇ ಇರಲಿಲ್ಲ.